ಎಲುಬು ಹಿಡಿಯುವ ತನಕ

"ಎರಡು ಸಲ ಚುಚ್ಚಿದ್ರಿ! ಇನ್ನೂ ನರ ಸಿಗವಲ್ದೇನ್ರಿ?"

ಕರವಸ್ತ್ರದ ಹಿಂದಿನಿಂದ ಬಂದ ಆ ಒರಟು ದನಿಗೆ ಸ್ನೇಹಲ್‌ಳ ಕೈ ಅರೆಕ್ಷಣ ತಡೆಯಿತು.

ಧಾರವಾಡದ ಆ ದಂತ ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಕೆಲಸಕ್ಕೆ ಸೇರಿ ಅವಳಿಗೆ ಐದು ವರ್ಷವಾಗಿತ್ತು. ಒಬ್ಬರಿಗೇ ಎರಡು ಸಲ ಸೂಜಿ ತಪ್ಪಿದ್ದು ಇದೇ ಮೊದಲು! ಎದುರಿಗೆ ಕುಳಿತವನ ಕಣ್ಣಲ್ಲಿ ಸಿಟ್ಟಿತ್ತು. ಆದರೆ ಅವಳು ಹಿಡಿದಿದ್ದ ಅವನ ಕೈ ಮೇ ತಿಂಗಳ ಆ ಸೆಕೆಯಲ್ಲೂ ತಣ್ಣಗಿತ್ತು.

'ಇದು ಸಿಟ್ಟಲ್ಲ... ಅಂಜಿಕಿ' ಎಂದುಕೊಂಡಳು ಸ್ನೇಹಲ್.

"ನೀವು ಹಿಂಗ ಕೈ ಬಿಗಿ ಹಿಡದ್ರ ನರ ಒಳಗ ಸರಿತೈತ್ರಿ. ಅತ್ತಾಗ ನೋಡ್ರಿ. ನಿಮ್ಮೂರು ಯಾವ್ದು?"

"ಗರಗ. ಈಗ ಊರು ತಗೊಂಡು ಏನ್ ಮಾಡ್ತೀರಿ?"

"ಏನೂ ಮಾಡಂಗಿಲ್ರಿ. ನೋಡ್ರಿ, ಬಂತು ರಕ್ತ!"

ನಾಲ್ಕು ಗಾಜಿನ ನಳಿಗೆಗಳು ಒಂದರ ಹಿಂದೊಂದು ತುಂಬಿದವು. ಅವನು ಬೆರಗಾಗಿ ನೋಡಿದ.

"ಅಲ್ರಿ, ಹಲ್ಲು ಹಾಕಾಕ ಇಷ್ಟ್ಯಾಕ ರಕ್ತ?"

"ಬಂದು ಹೇಳತೇನಿ!"

ಅಷ್ಟು ಹೇಳಿದವಳೇ ನಳಿಗೆಗಳನ್ನು ಹಿಡಿದು ಓಡಿದಳು. ಅವಳು ಓಡಲೇಬೇಕಿತ್ತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಯಾವ ಔಷಧವೂ ಆ ನಳಿಗೆಗಳಲ್ಲಿ ಇರುವುದಿಲ್ಲ. ಒಂದೂವರೆ ನಿಮಿಷದೊಳಗೆ ಅವು ಗರಗರ ತಿರುಗುವ ಯಂತ್ರದೊಳಗೆ ಹೋಗದಿದ್ದರೆ ಅಷ್ಟೂ ರಕ್ತ ವ್ಯರ್ಥ.

ಹನ್ನೆರಡು ನಿಮಿಷದ ಮೇಲೆ ಒಂದು ನಳಿಗೆಯನ್ನು ಅವನಿಗೆ ತಂದು ತೋರಿಸಿದಳು. ಕೆಳಗೆ ಕಡುಗೆಂಪು, ಮೇಲೆ ತಿಳಿನೀರು, ನಡುವೆ ಗಿಣ್ಣದ ತುಣುಕಿನಂಥ ಹಳದಿ ಗಟ್ಟಿ.

"ಇದರಾಗ ಗಾಯ ಮಾಯಿಸೋ ಶಕ್ತಿ ಇರತೈತ್ರಿ. ನಿಮ್ಮ ಎಲುಬು ಕರಗಿದ ಜಾಗಾದಾಗ ಎಲುಬಿನ ಪುಡಿ ಜೋಡಿ ಇದನ್ನ ಕಲಸಿ ಇಡ್ತಾರ."

ಅವನ ಸಿಟ್ಟು ಎಲ್ಲಿಗೆ ಹೋಯಿತೋ! ಎಳೆಯ ಮಗುವಿನಂತೆ ನಳಿಗೆಯನ್ನೇ ನೋಡುತ್ತ ಕೇಳಿದ.

"ಇದು... ನನ್ನೊಳಗ ಇತ್ತೇನ್ರಿ?"

"ನಿಮ್ದೇರಿ. ಹೊರಗಿಂದ ಏನೂ ಹಾಕಿಲ್ಲ."

ಅವನ ಹೆಸರು ಯಲ್ಲೇಶ. ವಯಸ್ಸು ಮೂವತ್ತೊಂಬತ್ತು. ಬಸ್ ಕಂಡಕ್ಟರ್. ಎರಡು ವರ್ಷದ ಹಿಂದೆ ಬಸ್ಸಿನ ಮುಂದೆ ಎಮ್ಮೆಯೊಂದು ಅಡ್ಡ ಬಂದು, ಡ್ರೈವರ್ ಬ್ರೇಕ್ ಹಾಕಿದಾಗ, ಟಿಕೆಟ್ ಹರಿಯುತ್ತಿದ್ದ ಯಲ್ಲೇಶನ ಬಾಯಿ ಸೀಟಿನ ಕಬ್ಬಿಣದ ಸರಳಿಗೆ ಬಡಿದಿತ್ತು. ಮೇಲಿನ ಮೂರು ಹಲ್ಲು ಹೋದವು. ಬೇರೆ ಊರಿನ ಒಂದು ದವಾಖಾನೆಯಲ್ಲಿ ಇಂಪ್ಲಾಂಟ್, ಅಂದರೆ ದವಡೆಯ ಎಲುಬಿಗೆ ತಿರುಪಿನಂತೆ ಕೂರಿಸುವ ಕೃತಕ ಬೇರು, ಹಾಕಿಸಿದ್ದ. ಎಲುಬು ಅದನ್ನು ಹಿಡಿಯಲಿಲ್ಲ. ಆರು ತಿಂಗಳಿಗೆ ಸಡಿಲಾಗಿ ಕೈಗೆ ಬಂತು. ಇದ್ದ ಎಲುಬೂ ಕರಗಿತು.

ದಿನವಿಡೀ ಸಾವಿರ ಜನರೊಡನೆ ಮಾತಾಡುತ್ತಿದ್ದವನು ಈಗ ಡಿಪೋದ ದಾಖಲೆ ಕೋಣೆಯಲ್ಲಿ ಕಡತಗಳ ನಡುವೆ ಕೂರುತ್ತಿದ್ದ. ಬಾಯಿಗೆ ಅಡ್ಡ ಹಿಡಿದ ಕರವಸ್ತ್ರ ಅವನ ಮುಖದ ಭಾಗವೇ ಆಗಿಹೋಗಿತ್ತು.

ಇದೆಲ್ಲ ಅವನ ಕೇಸ್ ಶೀಟಿನಲ್ಲಿತ್ತು. ಒಂದು ಸಾಲು ಮಾತ್ರ ಖಾಲಿ ಇತ್ತು.

"ಜೊತಿಗೆ ಯಾರು ಬಂದಾರ?" ಡಾಕ್ಟರ್ ದಾಕ್ಷಾಯಿಣಿ ಕೇಳಿದರು.

"ಯಾರೂ ಇಲ್ರಿ ಮೇಡಂ. ಬಸ್ಸಿಗೆ ಹೋಗ್ತೇನ್ರಿ ನಾ."

"ಹಂಗ ಬಿಡಾಕ ಬರಂಗಿಲ್ಲಪಾ. ಆಪರೇಶನ್ ಆದಮ್ಯಾಲೆ ಎರಡು ತಾಸು ಇಲ್ಲೇ ಇರಬೇಕು. ಬಾಜೂಕ ಒಬ್ರು ಬೇಕು. ತಂಗ್ಯಾರು ಅದಾರ ಅಂದಿದ್ದೆಲ್ಲ?"

"ಒಬ್ಬಾಕಿ ಗದಗ, ಒಬ್ಬಾಕಿ ಬಳ್ಳಾರಿ. ಅವರಿಗೆ ಹೇಳಿಲ್ರಿ... ಅವರವರ ಸಂಸಾರ ಅವರಿಗೆ."

ಬಾಗಿಲ ಬಳಿ ನಿಂತಿದ್ದ ಸ್ನೇಹಲ್ ಅದನ್ನು ಕೇಳಿಸಿಕೊಂಡಳು. ನಾಲ್ಕು ವರ್ಷದ ಹಿಂದೆ ಡೆಂಗಿ ಜ್ವರ ಬಂದು ತಾನು ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದು ನೆನಪಾಯಿತು. ನರ್ಸ್ ಕೇಳಿದಾಗಲೆಲ್ಲ "ಊರಿಂದ ಬರಾಕತ್ತಾರ್ರಿ" ಎಂದು ಐದು ದಿನ ಹೇಳಿದ್ದಳು. ಯಾರೂ ಬರುವವರಿರಲಿಲ್ಲ.

"ನನ್ನ ಡ್ಯೂಟಿ ಎರಡಕ್ಕ ಮುಗೀತೈತ್ರಿ ಮೇಡಂ," ಅವಳ ಬಾಯಿಂದ ಮಾತು ಬಂದೇಬಿಟ್ಟಿತು. "ನಾ ಕೂಡತೇನಿ."

ಆಪರೇಶನ್ ಮುಗಿದಾಗ ಯಲ್ಲೇಶನ ಬಾಯಿ ತುಂಬ ಹತ್ತಿ, ತುಟಿ ದಪ್ಪ. ಮಾತಾಡುವಂತಿರಲಿಲ್ಲ. ಕಾಗದ ಪೆನ್ನು ಕೇಳಿ ಬರೆದು ತೋರಿಸಿದ.

'ನೀವು ಹೋಗ್ರಿ. ನನಗ ಒಬ್ಬನ ಇದ್ದು ರೂಢಿ ಐತಿ.'

ಸ್ನೇಹಲ್ ಓದಿ ಕಾಗದ ಮಡಿಚಿದಳು.

"ನನಗೂ ರೂಢಿ ಐತ್ರಿ. ಅದಕ್ಕ ಕುಂತೇನಿ."

ಅವನು ಅವಳನ್ನೇ ನೋಡಿದ. ಆಮೇಲೆ ಎರಡು ತಾಸು ಇಬ್ಬರೂ ಒಂದು ಮಾತೂ ಆಡಲಿಲ್ಲ. ಅಷ್ಟು ಹಗುರಾದ ಮೌನವನ್ನು ಸ್ನೇಹಲ್ ವರ್ಷಗಳಿಂದ ಕಂಡಿರಲಿಲ್ಲ...

*

ಸ್ನೇಹಲ್ ಇದ್ದದ್ದು ಉಣಕಲ್‌ನಲ್ಲಿ, ಕಾಳವ್ವ ಎಂಬ ಹಿರಿಯ ಹೆಂಗಸಿನ ಮನೆಯ ಮಹಡಿಯ ಮೇಲೆ. ಒಂದು ಕೋಣೆ, ಒಂದು ಪುಟ್ಟ ಅಡುಗೆಮನೆ. ಗೋಡೆಯ ಮೇಲೆ ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ, ತೀರಿಹೋದ ಅಪ್ಪ ರಾಮಪ್ಪ ಮಾಸ್ತರ, ಅವ್ವ ಸಾವಕ್ಕ ಇಬ್ಬರ ಫೋಟೋ. ಅಣ್ಣ ಲೋಹಿತ ಕಲಬುರಗಿಯಲ್ಲಿ ಸರ್ಕಾರಿ ನೌಕರ. ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದ.

ಶನಿವಾರ ಸಂಜೆ ಕದ ಹಾಕಿದರೆ ಸೋಮವಾರ ಮುಂಜಾನೆಯವರೆಗೆ ಅವಳು ಮಾತಾಡುತ್ತಿದ್ದುದೇ ಅಪರೂಪ. ಸೋಮವಾರದ ಮೊದಲ ಪೇಷೆಂಟಿನ ಹೆಸರು ಕರೆಯುವಾಗ ದನಿ ಗೊಗ್ಗರಾಗಿ ಬರುತ್ತಿತ್ತು. ಕೆಮ್ಮಿ ಸರಿ ಮಾಡಿಕೊಳ್ಳುತ್ತಿದ್ದಳು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅವಳ ಕೊರಳಲ್ಲಿ ಒಂದು ತಾಳಿ ಇತ್ತು.

ಮದುವೆ ಆಗಿದ್ದು ನಿಜ. ಹನ್ನೊಂದು ತಿಂಗಳು ಬಾಳಿತು. ಗಂಡನಿಗೆ ಬೇರೆಯವಳ ಮೇಲೆ ಮನಸ್ಸಿತ್ತು. ಕೋರ್ಟಿನಲ್ಲಿ ಬಿಡುಗಡೆಯಾಗಿ ಆರು ವರ್ಷ ಕಳೆದಿತ್ತು. ಆದರೆ ಕೆಲಸ ಸಿಕ್ಕಿ ಮನೆ ಹುಡುಕಲು ಹೊರಟಾಗ ಎಲ್ಲ ಬಾಗಿಲಲ್ಲೂ ಒಂದೇ ಪ್ರಶ್ನೆ... "ನಿಮ್ಮ ಯಜಮಾನ್ರು ಎಲ್ಲಿ?"

ನಿಜ ಹೇಳಿದಲ್ಲೆಲ್ಲ ಬಾಗಿಲು ಮುಚ್ಚಿತು. ಹದಿನಾಲ್ಕನೆಯ ಮನೆ ಕಾಳವ್ವನದು. ಆ ಮನೆಗೆ ಹೋಗುವ ಮುನ್ನ ಸ್ನೇಹಲ್ ಟ್ರಂಕಿನ ತಳದಿಂದ ತಾಳಿ ತೆಗೆದು ಹಾಕಿಕೊಂಡಳು.

"ಗೋವಾದಾಗ ಕೆಲಸ ಮಾಡ್ತಾರ್ರಿ."

ಅಂದು ಹೇಳಿದ ಆ ಒಂದು ಮಾತು ಅವಳ ಜೊತೆಯೇ ಬೆಳೆಯಿತು. ಆಸ್ಪತ್ರೆಯವರಿಗೂ ಅದನ್ನೇ ಹೇಳಬೇಕಾಯಿತು. ದೀಪಾವಳಿಗೆ ತಾನೇ ಸೀರೆ ಕೊಂಡು ತಂದು "ಅವರು ಕಳಿಸ್ಯಾರ" ಎಂದು ಕಾಳವ್ವನಿಗೆ ತೋರಿಸಿದ ದಿನ, ಮೇಲೆ ಬಂದು ಆ ಸೀರೆಗೆ ಮುಖವಿಟ್ಟು ಅತ್ತಿದ್ದಳು.

*

ಹೊಲಿಗೆ ಬಿಚ್ಚಿದ ಮೇಲೆ ಯಲ್ಲೇಶ ಬರಬೇಕಾದದ್ದು ತಿಂಗಳಿಗೊಮ್ಮೆ. ಬಂದದ್ದು ವಾರಕ್ಕೊಮ್ಮೆ! ಬರುವಾಗ ಪೇಪರಿನಲ್ಲಿ ಕಟ್ಟಿಸಿದ ಮಂಡಕ್ಕಿಯ ಗಿರಮಿಟ್ ಇರುತ್ತಿತ್ತು.

"ನಿಮಗ ಇದನ್ನ ತಿನ್ನಾಕ ಬರಂಗಿಲ್ಲಲ್ರಿ?"

"ಡಾಕ್ಟರ್ ಬ್ಯಾಡ ಅಂದಾರ್ರಿ. ನೀವು ತಿನ್ರಿ. ನಾ ನೋಡತೇನಿ."

"ಅಯ್ಯ! ಹಿಂಗ ನೋಡಿದ್ರ ನನಗ ಹೊಟ್ಟಿನೋವು ಬರ್ತೈತಿ!"

ಆಸ್ಪತ್ರೆಯ ಹಿಂದಿನ ಬೇವಿನ ಮರದ ಕೆಳಗೆ ಅವಳು ತಿನ್ನುತ್ತಿದ್ದಳು, ಅವನು ಹೇಳುತ್ತಿದ್ದ. ಮುಂಜಾನೆ ಮೊದಲ ಬಸ್ಸಿಗೆ ಬರುವ ಹೂವಿನವರು. ಧಾರವಾಡದ ಹತ್ತಿರದ ಬೇಲೂರಿನ ಕಾರ್ಖಾನೆಗಳಿಗೆ ಹೋಗುವ ಹುಡುಗಿಯರು, ನಿಂತಲ್ಲೇ ನಿದ್ದೆ ಮಾಡುವುದು. ಪ್ರತಿ ಸಲ ತಪ್ಪು ಸ್ಟಾಪಿನಲ್ಲಿ ಇಳಿದು ಇವನನ್ನೇ ಬಯ್ಯುವ ಒಬ್ಬ ಅಜ್ಜ. ಇಷ್ಟನ್ನೂ ಅವನು ಬಾಯಿಗೆ ಕೈ ಅಡ್ಡ ಹಿಡಿದೇ ಹೇಳುತ್ತಿದ್ದ.

"ಕೈ ತಗೀರಿ," ಎಂದಳು ಒಂದು ದಿನ.

"ಬ್ಯಾಡ್ರಿ. ಛಲೋ ಕಾಣಂಗಿಲ್ಲ."

"ನಾ ದಿನಾ ಇಂಥಾ ಹತ್ತು ಬಾಯಿ ನೋಡಾಕಿ. ತಗೀರಿ."

ಅವನು ನಿಧಾನವಾಗಿ ಕೈ ಇಳಿಸಿದ. ಅವಳು ಕಂಡದ್ದು ಹಲ್ಲಿಲ್ಲದ ಖಾಲಿ ಜಾಗವನ್ನಲ್ಲ, ನಗುವುದನ್ನೇ ಮರೆತಿದ್ದು ಈಗ ನಗುತ್ತಿದ್ದ ಒಬ್ಬ ಮನುಷ್ಯನನ್ನು.

ಆ ಶನಿವಾರ ಮನೆಗೆ ಹೋದಾಗ ಕೋಣೆ ಎಂದಿಗಿಂತ ಖಾಲಿ ಎನ್ನಿಸಿತು. 'ಸೋಮವಾರ ಯಾವಾಗ ಬರ್ತೈತೋ...' ಎಂದುಕೊಂಡವಳು ಬೆಚ್ಚಿಬಿದ್ದಳು. ಇದೇನು ಹೊಸ ಹುಚ್ಚು!

ಆದರೆ ಇಬ್ಬರ ನಡುವೆ ಬೆಳೆದದ್ದು ಮುರಿಯಲು ಒಂದೇ ನಿಮಿಷ ಸಾಕಾಯಿತು.

ಶ್ರಾವಣದ ಒಂದು ಮಧ್ಯಾಹ್ನ, ಲ್ಯಾಬಿನ ಬಾಗಿಲಲ್ಲಿ ಯಲ್ಲೇಶ ಪೊಟ್ಟಣ ಹಿಡಿದು ನಿಂತಿದ್ದ. ಅವಳ ಕೈಯಿಂದ ಖಾಲಿ ನಳಿಗೆ ಜಾರಿ ಬಿತ್ತು. ಎತ್ತಲು ಬಗ್ಗಿದಾಗ, ಯಾವಾಗಲೂ ಬಿಳಿ ಕೋಟಿನೊಳಗೆ ಮುಚ್ಚಿರುತ್ತಿದ್ದ ತಾಳಿ ಹೊರಗೆ ಜೋತುಬಿತ್ತು.

ಅವನು ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು.

"ನಿಮ್ಮ... ಯಜಮಾನ್ರು ಎಲ್ಲಿರ್ತಾರ್ರಿ?"

"ಗೋವಾದಾಗ ಕೆಲಸ ಮಾಡ್ತಾರ್ರಿ."

ಐದು ವರ್ಷದಿಂದ ಬಾಯಿಪಾಠವಾದ ಮಾತು! ಅವಳು ತಡೆಯುವ ಮೊದಲೇ ತಾನಾಗಿ ಉದುರಿಹೋಗಿತ್ತು. ಪಕ್ಕದಲ್ಲೇ ಲ್ಯಾಬಿನ ಇನ್ನೊಬ್ಬ ಟೆಕ್ನಿಷಿಯನ್ ಮೌಲಾಲಿ ನಿಂತಿದ್ದ. ಸುಳ್ಳು ಎಂದು ಹೇಳುವುದಾದರೂ ಹೇಗೆ?

"ಛಲೋ ಆತ್ರಿ," ಎಂದ ಯಲ್ಲೇಶ. ಪೊಟ್ಟಣವನ್ನು ಮೇಜಿನ ಮೇಲಿಟ್ಟ. ಅವನ ಕೈ ಮತ್ತೆ ಬಾಯಿಗೆ ಅಡ್ಡ ಹೋಯಿತು.

ಮುಂದಿನ ವಾರ ಅವನು ಬರಲಿಲ್ಲ. ಅದರ ಮುಂದಿನ ವಾರವೂ.

ಬೇವಿನ ಮರದ ಕೆಳಗೆ ಕುಳಿತು ಡಬ್ಬಿ ಬಿಚ್ಚಿದಾಗಲೆಲ್ಲ ಸ್ನೇಹಲ್‌ಗೆ ಒಂದೇ ಯೋಚನೆ. 'ಹೋಗಿ ಹೇಳಲೇನು? ಏನಂತ ಹೇಳಲಿ? ಅವರು ನನ್ನ ಏನರ ಕೇಳಿದ್ರೇನು? ಗಿರಮಿಟ್ ತಂದುಕೊಟ್ರು, ಅಷ್ಟ...'

*

ಅಕ್ಟೋಬರಿನಲ್ಲಿ ಎರಡನೆಯ ಆಪರೇಶನ್. ಕೂಡಿಬಂದ ಎಲುಬಿನೊಳಗೆ ಇಂಪ್ಲಾಂಟ್ ಕೂರಿಸುವ ದಿನ. ಅಂದೂ ಅವನ ರಕ್ತ ಬೇಕಿತ್ತು.

ಸ್ನೇಹಲ್ ಮುಂಜಾನೆಯೇ ಯಂತ್ರ ಒರೆಸಿ, ನಳಿಗೆ ಜೋಡಿಸಿ ಕಾದಿದ್ದಳು. ಮೌಲಾಲಿ ಹಿಂಜರಿಯುತ್ತ ಬಂದ.

"ಅಕ್ಕಾರ, ಆ ಗರಗದ ಪೇಷೆಂಟ್... ನೀವು ಬ್ಯಾಡ, ಬ್ಯಾರೇದವರು ರಕ್ತ ತಗೀಲಿ ಅಂದಾರ್ರಿ."

ಅವಳು ತಲೆಯಾಡಿಸಿದಳು. ಏನೂ ಆಗದವಳಂತೆ ನಳಿಗೆಗಳನ್ನು ಕೊಟ್ಟಳು. ಗೋಡೆಯ ಕಡೆ ತಿರುಗಿ ನಿಂತಳು. 'ನನ್ನ ಮುಖಾ ನೋಡೂದೂ ಬ್ಯಾಡಾತು!'

ಹತ್ತು ನಿಮಿಷಕ್ಕೆ ಮೌಲಾಲಿ ಓಡಿಬಂದ. "ನರ ಸಿಗವಲ್ದ್ರಿ ಅಕ್ಕಾರ! ಮೂರು ಸಲ ಆತು. ಮೇಡಂ ನಿಮ್ಮನ್ನ ಕರಿಯಾಕತ್ತಾರ."

ಯಲ್ಲೇಶ ಮುಖವನ್ನು ಪೂರ್ತಿ ಅತ್ತ ತಿರುಗಿಸಿ ಕುಳಿತಿದ್ದ. ಅವಳು ಅವನ ಕೈ ಹಿಡಿದಳು. ಬೆರಳು ಒಂದೇ ಸಲಕ್ಕೆ ನರ ಹುಡುಕಿತು. ಅವನ ನಾಡಿಯ ಬಡಿತ ಎಷ್ಟು ಜೋರಾಗಿತ್ತು! ನಾಲ್ಕು ನಳಿಗೆ ತುಂಬುವಷ್ಟು ಹೊತ್ತು ಇಬ್ಬರೂ ಉಸಿರು ಹಿಡಿದಿದ್ದರು.

"ಮುಗೀತ್ರಿ," ಎಂದು ಓಡಿದಳು. ಈ ಸಲ ಓಡಿದ್ದು ರಕ್ತ ಹೆಪ್ಪುಗಟ್ಟುವ ಭಯಕ್ಕೆ ಮಾತ್ರವಲ್ಲ. ಕಣ್ಣು ತುಂಬಿತ್ತು.

ಅಂದು ಅವನ ಜೊತೆಗೆ ಡಿಪೋದ ಡ್ರೈವರ್ ಉಸ್ಮಾನಸಾಬ ಬಂದಿದ್ದ. ಸ್ನೇಹಲ್ ಕೂರುವ ಅಗತ್ಯವಿರಲಿಲ್ಲ. ಎರಡು ಗಂಟೆಗೆ ಬ್ಯಾಗ್ ಹಾಕಿಕೊಂಡು ಮನೆಗೆ ಹೊರಟಳು.

ಕಾಳವ್ವ ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು.

"ಬಾರವ್ವ. ಈ ದೀಪಾವಳಿಗರ ಬರ್ತಾನೇನ ನಿನ್ನ ಗಂಡ?"

ಸ್ನೇಹಲ್ ಬಾಯಿ ತೆರೆದಳು. ರೂಢಿಯ ಸುಳ್ಳು ಬರಲಿಲ್ಲ. ಯಾಕೋ, ಬರಲೇ ಇಲ್ಲ.

"ನನಗ ಗಂಡ ಇಲ್ಲ, ಕಾಳವ್ವ. ಬಿಟ್ಟು ಆರು ವರ್ಷಾತು. ಗೋವಾದಾಗ ಯಾರೂ ಇಲ್ಲ. ಸೀರಿ ಎಲ್ಲಾ ನಾನ ತಂದಿದ್ದು."

ಕಾಳವ್ವನ ಕೈ ನಿಂತಿತು. ಹಿಡಿದಿದ್ದ ಕಾಯಿಯನ್ನು ಮೊರಕ್ಕೆ ಹಾಕಿದಳು.

"ಗಂಡ ಬಿಟ್ಟಾನಂತ ನನಗ ಸಿಟ್ಟಿಲ್ಲವ್ವ. ಐದು ವರ್ಷ ನನ್ನ ಮನ್ಯಾಗ ಇದ್ದಿ. ಜ್ವರಾ ಬಿಟ್ಟು ದವಾಖಾನಿಯಿಂದ ಬಂದಾಗ ಗಂಜಿ ಕಾಸಿ ಕೊಟ್ಟೇನಿ. ನನಗೂ ಸುಳ್ಳು ಹೇಳಿದೆಲ್ಲ... ಅದು ತಡಿಯಾಕ ಆಗವಲ್ದು." ಅವಳು ಮೊರ ಎತ್ತಿಕೊಂಡು ಎದ್ದಳು. "ಯುಗಾದಿ ತನಕ ಇರು. ಅಷ್ಟರಾಗ ಬ್ಯಾರೆ ಮನಿ ನೋಡ್ಕೋ."

ಸ್ನೇಹಲ್ ಮೇಲೆ ಹೋಗಿ ಕನ್ನಡಿಯ ಮುಂದೆ ನಿಂತು ತಾಳಿ ಬಿಚ್ಚಿದಳು. ಮನೆ ಹೋಗಿತ್ತು. ಯಲ್ಲೇಶನೂ ಹೋಗಿದ್ದ. ಆದರೂ ಕೊರಳಿಗೆ ಗಾಳಿ ತಾಗಿದಾಗ ಎಷ್ಟೋ ದಿನದ ಮೇಲೆ ಪೂರ್ತಿ ಉಸಿರಾಡಿದಂತಾಯಿತು.

ಅವನಿಗೆ ಹೇಳಬೇಕೆಂದು ಮೊಬೈಲ್ ಎಷ್ಟು ಸಲ ಕೈಗೆತ್ತಿಕೊಂಡಳೋ! ಅವನ ನಂಬರ್ ಇದ್ದದ್ದು ಕೇಸ್ ಶೀಟಿನಲ್ಲಿ. ಅದನ್ನು ಕದ್ದು ಬಳಸುವುದು ಸರಿ ಅನ್ನಿಸಲಿಲ್ಲ. ಅದಕ್ಕಿಂತ ಹೆಚ್ಚಾಗಿ... 'ಸುಳ್ಳು ಹೇಳಿದಾಕಿ ಅಂತ ಕಾಳವ್ವನೇ ನನ್ನ ಬಿಟ್ಲು. ಇವರು ನಂಬತಾರೇನು?'

ಚಳಿಗಾಲ ಕಳೆಯಿತು. ಭಾನುವಾರಗಳು ಇನ್ನೂ ಉದ್ದವಾದವು. ಈಗ ಕೆಳಗಿನಿಂದ ಕಾಳವ್ವ ಕೂಗುವುದೂ ಇರಲಿಲ್ಲ.

*

ಫೆಬ್ರವರಿ ಕೊನೆಯ ವಾರ. ಎಲುಬು ಇಂಪ್ಲಾಂಟನ್ನು ಹಿಡಿದಿದೆಯೋ ಇಲ್ಲವೋ ನೋಡುವ ದಿನ.

ಸ್ನೇಹಲ್‌ಗೆ ಆ ಕೋಣೆಯಲ್ಲಿ ಕೆಲಸವೇ ಇರಲಿಲ್ಲ. ಆದರೂ ಹೋಗಿ ಬಾಗಿಲ ಒಳಗೆ ನಿಂತಳು. 'ಈ ಸಲನೂ ಹಿಡೀಲಿಲ್ಲಂದ್ರ ಈ ಮನುಷ್ಯಾ ಮತ್ತೊಮ್ಮೆ ತಡಕೊಳ್ಳಂಗಿಲ್ಲ...'

ಡಾಕ್ಟರ್ ದಾಕ್ಷಾಯಿಣಿ ಎಕ್ಸ್‌ರೇ ನೋಡಿದರು. ಸಣ್ಣ ಉಪಕರಣದಿಂದ ಒಂದೊಂದೇ ಇಂಪ್ಲಾಂಟನ್ನು ತಿರುವಿ ನೋಡಿದರು. ಮತ್ತೊಮ್ಮೆ ನೋಡಿದರು.

"ಹಿಡಕೊಂಡೈತಿ, ಯಲ್ಲೇಶ! ಗಟ್ಟಿ ಹಿಡಕೊಂಡೈತಿ!"

"ಖರೇನ್ರಿ ಮೇಡಂ?... ಆ ರಕ್ತದಿಂದನಾ?"

"ಅದು ಕೈ ಹಚ್ಚಿರಬೇಕು. ಬೆಳದದ್ದು ಮಾತ್ರ ನಿನ್ನ ಎಲುಬು. ಇನ್ನ ಮ್ಯಾಲೆ ಹಲ್ಲು ಕೂಡಸೂದಷ್ಟ ಬಾಕಿ."

ಯಲ್ಲೇಶ ಎದ್ದು ಕುಳಿತ. ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಂಡು ತಲೆ ಎತ್ತಿದವನಿಗೆ ಬಾಗಿಲಲ್ಲಿ ಸ್ನೇಹಲ್ ಕಂಡಳು. ಅವಳ ಬರಿದಾದ ಕೊರಳು ಕಂಡಿತು.

ಅವನ ಮುಖದ ಬಣ್ಣವೇ ಇಳಿದುಹೋಯಿತು.

ಹೊರಗೆ ವರಾಂಡದಲ್ಲಿ ಅವನೇ ಅವಳ ಹಿಂದೆ ಬಂದ.

"ಯಾವಾಗ ಆತ್ರಿ ಇದು? ನನಗ ಗೊತ್ತ ಆಗಲಿಲ್ಲ... ಏನಾಗಿತ್ರಿ ಅವರಿಗೆ? ಗೋವಾಕ್ಕ ನೀವು ಒಬ್ರ ಹೋಗಿದ್ರೇನು? ಒಂದು ಮಾತು ಹೇಳಿ ಕಳಿಸಿದ್ರ ನಾ ಬರ್ತಿದ್ನಿಲ್ರಿ!"

ಸ್ನೇಹಲ್‌ಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ... ನಗು ಬಂತು! ಇಲ್ಲದ ಗಂಡನಿಗೆ ಸಾವೂ ಬಂತಲ್ಲ! ಬಾಯಿ ಮುಚ್ಚಿ ತಡೆದಳು. ತಡೆಯಲಾಗಲಿಲ್ಲ. ನಗುತ್ತ ನಗುತ್ತ ಬೆಂಚಿನ ಮೇಲೆ ಕುಸಿದಳು. ಆಮೇಲೆ ಅದೇ ನಗು ಅಳುವಾಯಿತು.

"ಸ್ನೇಹಲ್ ಅವರ... ಏನಾತ್ರಿ?" ಅವನು ಗಾಬರಿಯಾಗಿದ್ದ.

"ಯಾರೂ ಸತ್ತಿಲ್ರಿ! ಗೋವಾದಾಗ ಯಾರೂ ಇರಲೇ ಇಲ್ಲ. ಗೋವಾ ಹೆಂಗೈತಿ ಅಂತನೂ ನಾ ನೋಡಿಲ್ಲ!"

ಎಲ್ಲವನ್ನೂ ಹೇಳಿದಳು. ಹನ್ನೊಂದು ತಿಂಗಳು, ಹದಿನಾಲ್ಕು ಮನೆಗಳು, ಸೀರೆ, ಕಾಳವ್ವ. ಹೇಳಿ ಮುಗಿಸಿ ತಲೆ ತಗ್ಗಿಸಿದಳು.

"ಸುಳ್ಳು ಹೇಳಿದೆ ನಿಮಗ. ಬಯ್ಯೂದಿದ್ರ ಬಯ್ರಿ."

ಯಲ್ಲೇಶ ಬೆಂಚಿನ ಇನ್ನೊಂದು ತುದಿಗೆ ಕುಳಿತ.

"ನಾ ಯಾಕ ಮೌಲಾಲಿ ರಕ್ತ ತಗೀಲಿ ಅಂದೆ ಗೊತ್ತೇನ್ರಿ?"

"ನನ್ನ ಮ್ಯಾಲೆ ಸಿಟ್ಟಿತ್ತು ನಿಮಗ."

"ಸಿಟ್ಟೆಲ್ಲೀದ್ರಿ! ನೀವು ಕೈ ಹಿಡದ್ರ ನನ್ನ ನಾಡಿ ಓಡತಿತ್ತು. ಇನ್ನೊಬ್ರ ಹೆಂಡ್ತಿ ಅಂತ ಗೊತ್ತಾದಮ್ಯಾಲೂ ಓಡತೈತಿ ಅಂದ್ರ, ಅದು ತಪ್ಪ ಅನ್ನಿಸ್ತು. ಅದಕ್ಕ ದೂರ ಆದೆ." ಅವನ ದನಿ ಒಡೆಯಿತು. "ಆರು ತಿಂಗಳು, ಸ್ನೇಹಲ್ ಅವರ... ಎಲುಬು ಹಿಡೀತೈತೋ ಇಲ್ಲೋ ಅನ್ನೋ ಚಿಂತಿನೂ ನನಗ ಇರಲಿಲ್ಲ. ಹಿಡದ್ರ ಯಾರಿಗೆ ಹೇಳೂದು ಅನ್ನೂದ ಚಿಂತಿ ಆಗಿತ್ತು."

ಅವಳು ತಲೆ ಎತ್ತಿ ನೋಡಿದಳು. ಅಳುತ್ತಿದ್ದ ಅವನ ಮುಖಕ್ಕೆ ಯಾವ ಕೈಯೂ ಅಡ್ಡ ಇರಲಿಲ್ಲ.

"ನನಗ ಹೇಳ್ರಿ," ಎಂದಳು ಮೆಲ್ಲಗೆ.

"ಹಿಡಕೊಂಡೈತ್ರಿ."

"ಹ್ಞೂಂ. ಕೇಳಿದೆ."

*

ಮಾರ್ಚಿನ ಒಂದು ಭಾನುವಾರ ಮುಂಜಾನೆ ಇಬ್ಬರೂ ಧಾರವಾಡದ ಸಪ್ತಾಪುರದಲ್ಲಿ ಒಂದು ಬಾಡಿಗೆ ಮನೆ ನೋಡಲು ಹೋದರು. ಯಲ್ಲೇಶ ಹೊಸ ಹಲ್ಲು ಹಾಕಿಸಿಕೊಂಡು ಮತ್ತೆ ಬಸ್ಸು ಹತ್ತಿ ಒಂದು ವಾರವಾಗಿತ್ತು. ಮನೆ ಹುಡುಕಲು ಜೊತೆಗೆ ಬರುತ್ತೇನೆ ಎಂದಿದ್ದ. ಅದರಾಚೆಗೆ ಇಬ್ಬರೂ ಏನೂ ಮಾತಾಡಿರಲಿಲ್ಲ.

ಮನೆಯ ಮಾಲೀಕ ಸಿದ್ದಲಿಂಗಪ್ಪ ಕೀಲಿ ತೆಗೆದು ತೋರಿಸಿದರು. ಎರಡು ಕೋಣೆ, ಹಿಂದೆ ಒಂದು ಪೇರಲ ಗಿಡ.

"ಎಷ್ಟು ಮಂದಿ ಇರ್ತೀರವ್ವ?"

ಯಲ್ಲೇಶ ನೆಲ ನೋಡಿದ. ಇನ್ನೊಂದು ಸುಳ್ಳು ಹೇಳುವುದು ಸ್ನೇಹಲ್‌ಗೆ ಬೇಕಿರಲಿಲ್ಲ. ಅರ್ಧ ನಿಜವೂ ಬೇಕಿರಲಿಲ್ಲ.

"ನನಗ ಮೊದಲೊಂದು ಮದುವಿ ಆಗಿತ್ರಿ, ಬಿಡುಗಡಿ ಆಗೇತಿ. ಈಗ ನಾ ಒಬ್ಬಾಕಿ ಬರ್ತೇನಿ. ಆಮ್ಯಾಲೆ... ಇವರು ಹ್ಞೂಂ ಅಂದ್ರ, ಲಗ್ನಾ ಮಾಡ್ಕೊಂಡು ಇಬ್ರು ಇರ್ತೇವ್ರಿ."

ಸಿದ್ದಲಿಂಗಪ್ಪ ಒಮ್ಮೆ ಅವಳನ್ನು, ಒಮ್ಮೆ ಅವನನ್ನು ನೋಡಿದರು.

"ಇವ್ನ ಮಾರಿ ನೋಡಿದ್ರ ಇವ್ನಿಗೂ ಈಗ ಗೊತ್ತಾದಂಗ ಐತಿ! ಮಾತಾಡ್ಕೊಂಡು ಬರ್ರಿ. ನಾ ಹೊರಗ ಕುಂತಿರ್ತೇನಿ."

ಖಾಲಿ ಮನೆಯಲ್ಲಿ ಇಬ್ಬರೇ ಉಳಿದರು.

"ಹಿಂಗ ಮಂದಿ ಮುಂದ ಹೇಳೂಕಿಂತ ಮೊದಲ ನನ್ನ ಕೇಳಬೇಕಿಲ್ರಿ?" ಎಂದ ಅವನು.

"ಕೇಳಾಕ ಧೈರ್ಯ ಆಗಲಿಲ್ಲ. ಈಗ ಕೇಳತೇನಿ. ಬರ್ತೀರೇನು?"

ಅವನು ಅಡುಗೆಮನೆಯೊಳಗೆ ಹೋಗಿ ನಿಂತ. ಗೋಡೆ ಮುಟ್ಟಿದ. ಕಿಟಕಿ ತೆರೆದ. ಅವಳತ್ತ ತಿರುಗಿದಾಗ ಅವನ ಕಣ್ಣು ಒದ್ದೆಯಾಗಿತ್ತು.

"ಅಡಿಗಿ ಮನಿ ಸಣ್ಣದೈತ್ರಿ."

"ಇಬ್ರಿಗೆ ಸಾಕಾಗಂಗಿಲ್ಲೇನು?"

"ಸಾಕ್ರಿ."

"ಇನ್ನ ನನಗ 'ರಿ' ಹಚ್ಚಬ್ಯಾಡ್ರಿ."

ಅವನು ನಕ್ಕ. ಹತ್ತಿರ ಬಂದು, ಮೊದಲ ಸಲ, ತಾನಾಗಿ ಅವಳ ಕೈ ಹಿಡಿದ.

"ಸಾಕು, ಸ್ನೇಹಲ್. ನಮ್ಮಿಬ್ರಿಗೆ ಸಾಕು."